ಕೈಚೀಲದೊಳಗಿನ ಸದ್ದು

ಸೋಮವಾರ ಸಂಜೆ ಊಟದ ಮೇಜಿಗೆ ಕೂತಾಗ ಈನಿಡ್‌ಳ ಕೈಚೀಲದೊಳಗೆ 'ಟಕ್' ಎಂದಿತು.

ಬೇರೆ ಯಾರಿಗೂ ಅದು ಕೇಳಿಸುತ್ತಿರಲಿಲ್ಲ. ಹೊರಗೆ ಸಮುದ್ರದ ಗಾಳಿ ಕಿಟಕಿ ಬಡಿಯುತ್ತಿತ್ತು, ಒಳಗೆ ಟಿವಿ ಅರಚುತ್ತಿತ್ತು. ಆದರೆ ವಿಲ್ಫ್ ಕಾರ್ಡ್‌ವೆಲ್ ಫ್ಲೀಟ್‌ವುಡ್‌ನಿಂದ ಬ್ಲ್ಯಾಕ್‌ಪೂಲ್‌ಗೆ ಜೀವಮಾನವಿಡೀ ಟ್ರಾಂ ಓಡಿಸಿ ನಿವೃತ್ತನಾದವನು. ಗಾಲಿಗೆ ಮರಳು ಸಿಕ್ಕರೆ ಯಾವ ಸದ್ದು, ಬೋಲ್ಟು ಸಡಿಲವಾದರೆ ಯಾವ ಸದ್ದು ಎಂದು ಕಣ್ಣು ಮುಚ್ಚಿಕೊಂಡು ಹೇಳಬಲ್ಲ ಕಿವಿ ಅವನದು. ಹೆಂಡತಿಯ ಮಾತು ಮಾತ್ರ ಆ ಕಿವಿಗೆ ಅಷ್ಟಾಗಿ ಬೀಳುತ್ತಿರಲಿಲ್ಲ. ಆಗಲೂ ಅವಳು ಪಕ್ಕದ ಮನೆಯ ಫಿಲಿಸ್ ಬಗ್ಗೆ ಏನೋ ಹೇಳುತ್ತಿದ್ದಳು. ಏನೆಂದು ಅವನು ಗಮನಿಸಲಿಲ್ಲ. ಅವನ ಕಣ್ಣು ಕೈಚೀಲದ ಮೇಲಿತ್ತು.

ಆ ಕೈಚೀಲ ಇರಬೇಕಾದ ಜಾಗ ಮೆಟ್ಟಿಲ ಕೆಳಗಿನ ಗೂಟ. ಮದುವೆಯಾದಾಗಿನಿಂದ ಅಲ್ಲೇ ತೂಗುತ್ತಿತ್ತು. ಈಗ ಊಟದ ಮೇಜಿನ ಮೇಲೆ, ಬೆಣ್ಣೆ ತಟ್ಟೆಯ ಪಕ್ಕದಲ್ಲಿ, ಕರೆಯದೇ ಬಂದ ನೆಂಟನ ಹಾಗೆ ಕೂತಿತ್ತು. ಈನಿಡ್ ಅಡುಗೆಮನೆಗೆ ಎದ್ದು ಹೋದಾಗ ಅದನ್ನೂ ಎತ್ತಿಕೊಂಡು ಹೋದಳು, ಬರುವಾಗ ಮತ್ತೆ ತಂದಳು.

'ಏನದು?' ಎಂದು ಕೇಳಲು ವಿಲ್ಫ್ ಬಾಯಿ ತೆರೆದ. ಕೇಳಿದರೆ ಅವಳು ಹುಷಾರಾಗುತ್ತಾಳೆ ಎನಿಸಿ ಮಾತು ಬದಲಿಸಿದ.

"ಆ ಟಿವಿ ಸ್ವಲ್ಪ ಜೋರು ಮಾಡು," ಅಂದ.

ಅವಳು ಎದ್ದು ಜೋರು ಮಾಡಿದಳು.

ಮರುದಿನ ಬೆಳಿಗ್ಗೆ ಇನ್ನೊಂದು. ಅವನು ಮೆಟ್ಟಿಲಿಳಿದು ಬರುವಾಗ ಈನಿಡ್ ಹಜಾರದಲ್ಲಿ ಫೋನು ಹಿಡಿದು ಪಿಸುಗುಟ್ಟುತ್ತಿದ್ದಳು. "ಇಲ್ಲ, ಅವನಿಗಿನ್ನೂ ಹೇಳಿಲ್ಲ," ಎಂಬುದಷ್ಟು ಕೇಳಿಸಿತು. ಅವನನ್ನು ಕಂಡದ್ದೇ, "ಆಮೇಲೆ ಮಾಡ್ತೀನಿ," ಎಂದು ಫೋನಿಟ್ಟಳು.

"ಯಾರು?"

"ಮ್ಯೂರಿಯಲ್."

ಮ್ಯೂರಿಯಲ್ ಅವಳ ಅಕ್ಕ, ಆಚೆ ಕರಾವಳಿಯ ವಿಟ್ಬಿಯಲ್ಲಿ ಒಬ್ಬಳೇ ಇರುವವಳು. ಅವಳ ಫೋನು ಬರುವುದು ಭಾನುವಾರ, ಪ್ರಾರ್ಥನೆ ಮುಗಿದ ಮೇಲೆ. ಮಂಗಳವಾರ ಬೆಳಿಗ್ಗೆ ಬಂದಿದೆಯೆಂದರೆ ಒಂದೋ ಯಾರೋ ಸತ್ತಿರಬೇಕು, ಇಲ್ಲವೇ ಅದು ಮ್ಯೂರಿಯಲ್ ಅಲ್ಲ. ಯಾರೂ ಸತ್ತ ಹಾಗೆ ಕಾಣಲಿಲ್ಲ. ವಿಲ್ಫ್‌ನ ತಲೆಯೊಳಗೆ ಹುಳ ಹೊಕ್ಕಿತು.

ಆ ಅನುಮಾನಕ್ಕೆ ನೀರೆರೆದವನು ಸ್ಟ್ಯಾನ್ ರಿಮ್ಮರ್. ಅವನು ಇನ್ನೂ ಟ್ರಾಂನಲ್ಲಿ ಕಂಡಕ್ಟರು. ಊರಿನ ಸುದ್ದಿಯೆಲ್ಲ ಟಿಕೆಟ್ ಹರಿಯುತ್ತಲೇ ಸಂಗ್ರಹಿಸುವವನು. ಮಧ್ಯಾಹ್ನ ಕ್ಲಬ್ಬಿನಲ್ಲಿ ಬಿಯರ್ ಲೋಟದ ಮೇಲಿಂದ ಕಣ್ಣು ಮಿಟುಕಿಸಿದ.

"ಲೇ ವಿಲ್ಫ್, ಶನಿವಾರ ನಿನ್ನ ಹೆಂಡ್ತಿ ನನ್ನ ಟ್ರಾಂ ಹತ್ತಿದ್ಲು ಕಣಯ್ಯ."

"ಹತ್ತಿದ್ರೆ ಟಿಕೆಟ್ ಕೊಟ್ಟಿರ್ತೀಯ. ಅದ್ರಲ್ಲೇನು ಸುದ್ದಿ?"

"ಕ್ಲೀವ್‌ಲೀಸ್‌ನಲ್ಲಿ ಇಳಿದ್ಲು. ಸ್ಟಾಪಿನ ಎದುರಿಗೇ ಇಲ್ವಾ ಚಹಾದಂಗಡಿ, ಅಲ್ಲೊಬ್ಬ ಗಡ್ಡದವನು ಕಾಯ್ತಾ ನಿಂತಿದ್ದ. ಬಾಗಿಲು ತೆಗೆದು ಹಿಡ್ಕೊಂಡ. ಒಳಗೆ ಹೋದ್ಮೇಲೆ ಕೋಟು ಬಿಚ್ಚೋಕೂ ಸಹಾಯ ಮಾಡ್ದ. ನೀನು ಯಾವತ್ತಾದ್ರೂ ಅವಳ ಕೋಟು ಹಿಡಿದಿದ್ದುಂಟಾ ಮಾರಾಯ?"

"ವಿಮೆಯವನಿರ್ಬೇಕು."

"ವಿಮೆಯವರು ಹೆಂಗಸರನ್ನ ಅಷ್ಟು ನಗಿಸ್ತಾರಾ? ನಾನು ಗಂಟೆ ಹೊಡೆಯೋದನ್ನೇ ಮರೆತು ನೋಡ್ತಾ ನಿಂತುಬಿಟ್ಟಿದ್ದೆ. ಡ್ರೈವರ್ ಬೈದ."

ವಿಲ್ಫ್ ನಕ್ಕ. ಕ್ಲಬ್ಬಿನ ಮೂಲೆಯಲ್ಲಿ ಹೆರಾಲ್ಡ್ ಬರ್ಟಲ್ಸ್ ಕೂತಿದ್ದ, ಅವನೂ ಹಳೆಯ ಟ್ರಾಂ ಡ್ರೈವರೇ. ಹೆಂಡತಿ ಬಿಟ್ಟುಹೋದ ಮೇಲೆ ಡಬ್ಬಿಯ ಬೀನ್ಸ್ ಕಾಳನ್ನು ಬಿಸಿ ಕೂಡ ಮಾಡದೆ ತಿನ್ನುತ್ತಾನೆ ಎಂದು ಊರೆಲ್ಲ ಆಡಿಕೊಳ್ಳುತ್ತಿತ್ತು. ಅವನ ಅಂಗಿಯ ಕಾಲರಿನ ಕೊಳೆ ವಿಲ್ಫ್‌ನ ಕಣ್ಣಿಗೆ ಆವತ್ತು ಮೊದಲ ಸಲ ಬಿತ್ತು. ಈನಿಡ್ ತನ್ನನ್ನು ಬಿಟ್ಟುಹೋಗುತ್ತಾಳೆ ಎಂಬ ಯೋಚನೆ ಆಗಲೇ ಬಂತು. ಅವನಿಗೆ ನಿಜವಾಗಿ ಹೆದರಿಕೆಯಾಯಿತು.

ಜಗಳ ತೆಗೆದರೆ ಕೆಲಸ ಕೆಡುತ್ತದೆ. ಟಿಕೆಟ್ ತಪಾಸಣೆಯವರು ಮಾಡುವ ಹಾಗೆ ಮಾಡಬೇಕು ಎಂದುಕೊಂಡ. ಅವರು ಕಳ್ಳ ಪ್ರಯಾಣಿಕನನ್ನು ಗದರಿಸುವುದಿಲ್ಲ. ಎಲ್ಲಿ ಹತ್ತಿದೆ, ಪಕ್ಕದಲ್ಲಿ ಯಾರಿದ್ದರು, ಮಳೆ ಬರುತ್ತಿತ್ತಾ ಎಂದು ನಯವಾಗಿ ಕೇಳುತ್ತ ಹೋಗುತ್ತಾರೆ. ಸುಳ್ಳು ತಾನಾಗಿ ಎಡವುತ್ತದೆ.

ಸಂಜೆ ಈನಿಡ್ ಮಾಂಸ, ಆಲೂಗಡ್ಡೆಯ ಪಾತ್ರೆ ತಂದಿಡುತ್ತಿದ್ದಂತೆ ಶುರು ಮಾಡಿದ.

"ಇವತ್ತು ಎಲ್ಲಿಗೆ ಹೋಗಿದ್ದೆ?"

ಈನಿಡ್‌ಳ ಕೈಯಲ್ಲಿದ್ದ ಸೌಟು ಅಲ್ಲೇ ನಿಂತಿತು. "ಏನಂದೆ?"

"ಎಲ್ಲಿಗೆ ಹೋಗಿದ್ದೆ ಅಂದೆ."

"ಮಾರ್ಕೆಟ್ಟಿಗೆ," ಅಂದಳು. ಅವನ ಮುಖವನ್ನೇ ನೋಡುತ್ತಿದ್ದಳು. "ಯಾಕೆ?"

"ಸುಮ್ನೆ. ಯಾರು ಸಿಕ್ಕಿದ್ರು?"

ತಡವರಿಸಿದಳು ನೋಡು ಎಂದು ವಿಲ್ಫ್ ಮನಸ್ಸಿನಲ್ಲೇ ಗುರುತು ಹಾಕಿಕೊಂಡ. ಅವಳು ಕುರ್ಚಿ ಎಳೆದು ಕೂತು ಹೇಳತೊಡಗಿದಳು. ಮೀನಿನಂಗಡಿಯವನ ಮಗಳಿಗೆ ಮದುವೆ ಗೊತ್ತಾಗಿದೆ, ಗುಂಡಿ ದಾರ ಮಾರುವವಳು ಅಂಗಡಿ ಮುಚ್ಚುತ್ತಾಳಂತೆ, ನೀಲಿ ಉಣ್ಣೆ ಎಲ್ಲೂ ಸಿಗಲಿಲ್ಲ. ಟಿವಿಯ ಗಲಾಟೆಯಲ್ಲಿ ಒಂದೆರಡು ಮಾತು ತಪ್ಪಿಹೋದವು. ಎಡವುವ ಮಾತು ಅದರಲ್ಲೇ ಇದ್ದರೆ? ವಿಲ್ಫ್ ನೋಯುವ ಮಂಡಿಯನ್ನು ಲೆಕ್ಕಿಸದೆ ಎದ್ದು ಹೋಗಿ ಟಿವಿ ಆರಿಸಿ ಬಂದ.

ಈನಿಡ್ ಆರಿದ ಟಿವಿಯನ್ನೊಮ್ಮೆ, ಗಂಡನನ್ನೊಮ್ಮೆ ನೋಡಿದಳು. ಅವಳ ಕೆನ್ನೆ ಕೆಂಪಾಯಿತು. ಕಳ್ಳತನದ ಬಣ್ಣ ಎಂದು ಅವನು ತೀರ್ಮಾನಿಸಿದ.

ಬುಧವಾರ ಅವಳ ಹಿಂದೆಯೇ ಹೊರಟ. ಚೀಲ ಹೊರುವ ನೆಪ. ಗಡ್ಡದವರು ಕಂಡಲ್ಲೆಲ್ಲ ಹೆಂಡತಿಯ ಮುಖ ನೋಡಿದ. ಊರಿನಲ್ಲಿ ಇಷ್ಟೊಂದು ಗಡ್ಡಗಳಿವೆಯೆಂದು ಅವನಿಗೆ ಗೊತ್ತೇ ಇರಲಿಲ್ಲ. ಮಾರ್ಕೆಟ್ಟಿನವರು, "ಏನಜ್ಜ, ಹೆಂಡ್ತಿ ಜೊತೆ ತಿರುಗಾಟವಾ?" ಎಂದು ರೇಗಿಸಿದರು. ಈನಿಡ್ ನಕ್ಕು ಅವನ ತೋಳಿಗೆ ಕೈ ಸೇರಿಸಿದಳು. ಅನುಮಾನ ಬರದಿರಲಿ ಅಂತ ನಾಟಕ, ಅಂದುಕೊಂಡ. ಗುರುವಾರ ಅವಳು ಪೆಟ್ಟಿಗೆಯಿಂದ ಹಳೆಯ ಹಸಿರು ಸ್ವೆಟರ್ ತೆಗೆದು ತೊಟ್ಟಳು, ಪಾತ್ರೆ ತೊಳೆಯುತ್ತ ಗುನುಗಿದಳು. ವಿಲ್ಫ್‌ಗೆ ಮೈಯೆಲ್ಲ ಉರಿದುಹೋಯಿತು. ಯಾವನಿಗಾಗಿ ಈ ಸಡಗರ?

ಸಿಟ್ಟು ನುಂಗಿಕೊಂಡು ಕೇಳಿದ: "ನಿನ್ನೆ ಸಂಜೆ ಎಲ್ಲಿಗೆ ಹೋಗಿ ಬಂದೆ? ಏನು ಮಾತಾಡಿದ್ರಿ?"

"ಫಿಲಿಸ್‌ನ ನೋಡೋಕೆ ಆಸ್ಪತ್ರೆಗೆ ಹೋಗಿದ್ದೆ. ಅವಳಿಗೆ ಸೊಂಟದ ನೋವಿಗಿಂತ ಪರ್ಸಿ ಚಿಂತೆ ಜಾಸ್ತಿ ಆಗ್ಬಿಟ್ಟಿದೆ."

ಪರ್ಸಿ ಎಂದರೆ ಯಾವನು ಎಂದು ಅವನ ಕಿವಿ ನಿಮಿರಿತು. ಪರ್ಸಿ ಎಂದರೆ ಫಿಲಿಸ್‌ಳ ಪಂಜರದ ಪುಟ್ಟ ಹಸಿರು ಗಿಳಿ. ಆಂಬುಲೆನ್ಸಿನವರು ಅವಳನ್ನು ಹೊತ್ತು ಹೊರಗೆ ತರುವಾಗ ಬಾಗಿಲು ತೆರೆದಿತ್ತಂತೆ. ಹಕ್ಕಿ ಹಾರಿಹೋಗಿ ಮೀನಿನಂಗಡಿಯ ಫಲಕದ ಮೇಲೆ ಕೂತು, ಫಿಲಿಸ್‌ಳದೇ ದನಿಯಲ್ಲಿ "ಕಾಲೊರೆಸ್ಕೊಂಡು ಬಾ" ಎಂದು ಬಂದವರನ್ನೆಲ್ಲ ಗದರುತ್ತಿತ್ತಂತೆ. ಅಂಗಡಿಯವನು ಏಣಿ ತಂದ, ಪಾದ್ರಿ ತನ್ನ ಟೋಪಿ ಕೊಟ್ಟ...

ಅಷ್ಟರಲ್ಲಿ ಹಾಲಿನವನು ಬಾಗಿಲು ತಟ್ಟಿದ. ಈನಿಡ್ ಎದ್ದು ಹೋಗಿ, ಮಾತಾಡಿ, ಬಾಟಲಿ ತಂದಿಟ್ಟು ಸಿಂಕಿನ ಕಡೆ ತಿರುಗಿದಳು.

"ಆಮೇಲೆ? ಪರ್ಸಿ ಏನಾಯ್ತು?" ಅಂದ ವಿಲ್ಫ್.

"ಟೋಪಿ ಒಳಗೊಂದು ಗಲೀಜು ಮಾಡಿ ಹಾರಿಹೋಯ್ತು. ಇನ್ನೂ ಸಿಕ್ಕಿಲ್ಲ ಪಾಪ."

ಶುಕ್ರವಾರ ಈನಿಡ್ ಕೂದಲು ಮಾಡಿಸಿಕೊಳ್ಳಲು ಕ್ಲೀವ್‌ಲೀಸ್‌ಗೆ ಹೊರಟಳು. ಕ್ಲೀವ್‌ಲೀಸ್! ಅವಳು ತಿರುವು ದಾಟಿದ್ದೇ ವಿಲ್ಫ್ ಮನೆ ಜಾಲಾಡಲು ನಿಂತ. ಕೋಟಿನ ಜೇಬು, ಹೊಲಿಗೆ ಡಬ್ಬಿ, ಹಾಸಿಗೆಯ ಅಡಿ, ಎಲ್ಲ ಮುಗಿಯಿತು. ಕೊನೆಗೆ ಬಿಸಿನೀರಿನ ತೊಟ್ಟಿಯ ಮೇಲಿನ ಬಟ್ಟೆ ಕಪಾಟಿನಲ್ಲಿ, ಟವೆಲ್ಲುಗಳ ಹಿಂದೆ, ಬಿಸ್ಕತ್ತಿನ ಒಂದು ತಗಡಿನ ಡಬ್ಬಿ ಸಿಕ್ಕಿತು. ಒಳಗೆ ಟೇಪುಗಳು. ಒಂದೊಂದರ ಮೇಲೂ ಅವಳ ದುಂಡು ಅಕ್ಷರದಲ್ಲಿ ವಾರದ ಹೆಸರು.

ಕೈಚೀಲದ 'ಟಕ್' ಈಗ ಅರ್ಥವಾಯಿತು. ಅವಳು ಅವನ ಮಾತನ್ನೇ ಹಿಡಿಯುತ್ತಿದ್ದಳು! ಗಡ್ಡದವನು ಪ್ರಿಯತಮ ಅಲ್ಲ, ವಕೀಲ. ವಿಚ್ಛೇದನಕ್ಕೆ ಸಾಕ್ಷಿ ಕೂಡಿಹಾಕುತ್ತಿದ್ದಾರೆ. ಒಬ್ಬ ಮಿಂಡನಿಗಿಂತ ವಕೀಲನೇ ಹೆಚ್ಚು ಭಯಂಕರ ಎನಿಸಿತು. ಅಡುಗೆಮನೆಯ ಟೇಪ್ ರೇಡಿಯೋಗೆ ಮೊದಲ ಟೇಪು ಹಾಕಿದ.

ಶನಿವಾರದ ಟೇಪಿನಲ್ಲಿ ಮೊದಲು ಕಪ್ಪು ಬಸಿಗಳ ಸದ್ದು. ಆಮೇಲೆ ಗಂಡಸಿನ ದನಿ.

"ಈಗ್ಲೇ ಯಂತ್ರ ಶುರು ಮಾಡ್ಬಿಟ್ರಾ? ಒಳ್ಳೇದೇ ಬಿಡಿ, ಕೈ ಪಳಗ್ಲಿ. ನೋಡಿ ಮಿಸೆಸ್ ಕಾರ್ಡ್‌ವೆಲ್, ನಮ್ಮ ಜನ ಪುಸ್ತಕದಲ್ಲಿ ಬರೆಯೋ ಹಾಗೆ ಮನೇಲಿ ಮಾತಾಡಲ್ಲ. ಹಾಕು, ಇಡು, ತೆಗೆ, ತಿರುಗಿಸು ಅಂತ ಒಂದು ಪುಟ್ಟ ಮಾತು, ಅದಕ್ಕೆ ಮೇಲೆ, ಕೆಳಗೆ, ಆಚೆ, ಒಳಗೆ ಅಂತ ಒಂದು ಬಾಲ. ಅಷ್ಟರಲ್ಲೇ ಸಂಸಾರ ನಡೆದುಹೋಗುತ್ತೆ. ಅದೇ 'ಹಾಕು' ಅನ್ನೋ ಮಾತಲ್ಲಿ ಬೆಕ್ಕನ್ನ ಹೊರಗೆ ಹಾಕ್ತೀವಿ, ದೀಪ ಹಾಕ್ತೀವಿ, ನೆಂಟರಿಗೆ ಊಟ ಹಾಕ್ತೀವಿ. ಯಾವ ಮಾತಿಗೆ ಯಾವ ವಸ್ತು ಜೊತೆಯಾಗುತ್ತೆ, ಯಾವುದು ಆಗಲ್ಲ ಅಂತ ಕೇಳಿದ್ರೆ ಯಾರಿಗೂ ಹೇಳೋಕೆ ಬರಲ್ಲ. ಬಾಯಿಗೆ ಗೊತ್ತು. ಹಾಗಾಗಿ ಬಾಯಿಂದಲೇ ಹಿಡೀಬೇಕು."

"ಅಂಥ ಮಾತಿಗೆ ನಮ್ಮನೇಲಿ ಬರ ಇಲ್ಲ ಬಿಡಿ," ಅಂದಳು ಈನಿಡ್. ಗಡ್ಡದವನು ನಕ್ಕ. ಅವಳೂ ನಕ್ಕಳು. ಇದೇ ನಗು ಸ್ಟ್ಯಾನ್ ನೋಡಿದ್ದು.

ಗಡ್ಡದವನು ವಿಶ್ವವಿದ್ಯಾಲಯದವನು, ಊರೂರಿನ ಮನೆಮಾತು ಸಂಗ್ರಹಿಸುವವನು. ಹೇಳಿಬಿಟ್ಟರೆ ಜನ ನೆಟ್ಟಗೆ ಕೂತು ಮಾತಾಡುತ್ತಾರೆ, ಹಾಗಾಗಿ ವಾರ ಮುಗಿಯುವವರೆಗೆ ಮನೆಯವರಿಗೆ ಹೇಳಬಾರದು. ಆಮೇಲೆ ಕೇಳಲೇಬೇಕು, ಅವರು ಬೇಡವೆಂದರೆ ಎಲ್ಲ ಅಳಿಸಿಬಿಡುತ್ತೇವೆ ಎಂದು ವಿವರಿಸಿದ. ಕೊನೆಗೆ ಕೇಳಿದ: "ಇದಕ್ಕೆ ನೀವೇ ಯಾಕೆ ಮುಂದೆ ಬಂದ್ರಿ?"

ಚಮಚವನ್ನು ಬಸಿಯ ಮೇಲಿಟ್ಟ ಸದ್ದು.

"ನಮ್ಮಕ್ಕ ವಿಟ್ಬೀಲಿ ನಂಗೊಂದು ಕೋಣೆ ಇಟ್ಕೊಂಡು ಕರೀತಿದ್ದಾಳೆ. ಹೋಗ್ಲಾ ಬೇಡ್ವಾ ಗೊತ್ತಾಗ್ತಿಲ್ಲ. ಒಂದೊಂದ್ಸಲ ಆ ಮನೇಲಿ ನಾನಿದೀನಾ ಅಂತಾನೇ ಅನುಮಾನ ಬರುತ್ತೆ. ನಾನೇ ಸುಮ್ನೆ ಗೊಣಗೋ ಹೆಂಗಸಾ, ಅಥವಾ ನಿಜವಾಗ್ಲೂ ಅಷ್ಟು ಕೆಟ್ಟಿದೆಯಾ, ನನ್ನ ಕಿವೀಲೇ ಕೇಳ್ಬೇಕು."

ಅಂದರೆ ಅನುಮಾನ ಸುಳ್ಳಾಗಿರಲಿಲ್ಲ. ಗಡ್ಡದವನ ವಿಷಯದಲ್ಲಿ ತಪ್ಪಿತ್ತು, ಅಷ್ಟೇ. ವಿಲ್ಫ್ ಸೋಮವಾರದ ಟೇಪು ಹಾಕಿದ.

ನೀರಿಡು. ಬಾಗಿಲು ಹಾಕು. ಪರದೆ ಎಳಿ. ನಿನ್ನ ಬುಟ್ಟಿ ಆಚೆ ಇಡು. ಬೆಕ್ಕು ಹೊರಗೆ ಬಿಡು. ಯಾವನೋ ಮುದುಕ ಗೊಗ್ಗರು ದನಿಯಲ್ಲಿ ಆಜ್ಞೆ ಮಾಡುತ್ತಿದ್ದ, ನಡುವೆ ಉದ್ದುದ್ದ ಮೌನ, ಚಾಕು ತಟ್ಟೆಗೆ ತಾಗುವ ಸದ್ದು. ಆ ಮುದುಕ ತಾನೇ ಎಂದು ಒಪ್ಪಿಕೊಳ್ಳಲು ವಿಲ್ಫ್‌ಗೆ ಸ್ವಲ್ಪ ಸಮಯ ಬೇಕಾಯಿತು. ಆಮೇಲೆ ಅವಳ ದನಿ: "ಫಿಲಿಸ್ ಬೆಳಿಗ್ಗೆ ಬಿದ್ಬಿಟ್ಲು, ವಿಲ್ಫ್. ಆಂಬುಲೆನ್ಸಲ್ಲಿ ಕರ್ಕೊಂಡು ಹೋದ್ರು. ನಂಗೆ ಕೈಕಾಲೇ ಆಡ್ಲಿಲ್ಲ."

"ಆ ಟಿವಿ ಸ್ವಲ್ಪ ಜೋರು ಮಾಡು."

ವಿಲ್ಫ್ ಟೇಪು ನಿಲ್ಲಿಸಿದ. ನಾಚಿಕೆಯಿಂದ ಅವನ ಕಿವಿ ಸುಡುತ್ತಿತ್ತು. ಅವನ ಮಾತಿನಲ್ಲಿ ಕೆಟಲಿತ್ತು, ಬಾಗಿಲಿತ್ತು, ಬೆಕ್ಕಿತ್ತು. ಅವಳು ಎಲ್ಲೂ ಇರಲಿಲ್ಲ.

ಮಂಗಳವಾರದ್ದು ಬೇರೆಯದೇ ಮನೆಯ ಟೇಪಿನ ಹಾಗಿತ್ತು. ಎಲ್ಲಿಗೆ ಹೋಗಿದ್ದೆ, ಯಾರು ಸಿಕ್ಕಿದರು ಎಂದು ಅದೇ ಗೊಗ್ಗರು ದನಿ ಕೇಳುತ್ತಿತ್ತು. ಈನಿಡ್‌ಳ ದನಿ ಮೊದಲು ಅಂಜಿ, ಆಮೇಲೆ ಮೆಲ್ಲಗೆ ಬಿಚ್ಚಿಕೊಂಡು, ಕೊನೆಗೆ ನಗುತ್ತ ಓಡುತ್ತಿತ್ತು. ಸುಳ್ಳನ್ನು ಹಿಡಿಯುವ ಭರದಲ್ಲಿ ಅವನು ಆ ನಗುವನ್ನು ಕೇಳಿಸಿಕೊಂಡಿರಲೇ ಇಲ್ಲ. ಗುರುವಾರದ ಕೊನೆಯಲ್ಲಿ ಅವಳು ಫೋನಿನಲ್ಲಿ ಮಾತಾಡಿದ್ದೂ ಸೇರಿಕೊಂಡಿತ್ತು.

"ಮ್ಯೂರಿಯಲ್, ನನ್ನ ಹಾಸಿಗೆ ಈಗ್ಲೇ ಹಾಸ್ಬೇಡ ಕಣೇ. ಏನಾಯ್ತು ಗೊತ್ತಾ, ಅವನು ಎಲ್ಲಿಗೆ ಹೋಗಿದ್ದೆ ಅಂತ ಕೇಳ್ತಿದ್ದಾನೆ. ದಿನಾ. ಟಿವಿ ಆರಿಸ್ಬಿಟ್ಟ, ತಾನೇ ಎದ್ದುಹೋಗಿ! ನಂಬಲ್ಲ ನೀನು. ನನ್ನ ವಿಲ್ಫ್ ವಾಪಸ್ ಬಂದ ಹಾಗಿದೆ."

ವಿಲ್ಫ್ ರೇಡಿಯೋದ ಮುಂದೆ ಹಾಗೇ ಕೂತ. ಅವಳು ಉಳಿಯುವುದು ಅವನ ಅನುಮಾನದ ಋಣದಲ್ಲಿ. ಅದು ಅವಳಿಗೆ ಗೊತ್ತಾಗದಿದ್ದರೆ ಸಾಕು. ಟೇಪುಗಳನ್ನು ಡಬ್ಬಿಗೆ ತುಂಬಿ, ಟವೆಲ್ಲುಗಳ ಹಿಂದೆ ಸೇರಿಸಿದ. ಬಾಯಿ ಮುಚ್ಚಿಕೊಂಡಿರಬೇಕು ಎಂದು ನಿಶ್ಚಯಿಸಿದ.

ಈನಿಡ್ ಬಂದಾಗ ಕೂದಲು ಅಲೆಅಲೆಯಾಗಿ ಕೂತಿತ್ತು, ಮುಖ ಮಾತ್ರ ಗಂಟಿಕ್ಕಿತ್ತು. ಕೋಟು ಬಿಚ್ಚದೆ ಮೇಜಿಗೆ ಬಂದು ಕೂತಳು. ಕೈಚೀಲ ಮೇಜಿನ ಮೇಲಿಟ್ಟು ಒಳಗೆ ಕೈ ಹಾಕಿದಳು. ಟಕ್.

"ಮಾತು ಹಿಡಿಯೋ ಯಂತ್ರ," ಅಂದಳು. "ಈ ಸಲ ಹೇಳೇ ಒತ್ತಿದೀನಿ. ಯಾಕೆ ಏನು ಅಂತ ಆಮೇಲೆ ಹೇಳ್ತೀನಿ. ಮೊದ್ಲು ಇದಕ್ಕೆ ಉತ್ತರ ಕೊಡು. ಟ್ರಾಂನಲ್ಲಿ ಸ್ಟ್ಯಾನ್ ರಿಮ್ಮರ್ ಸಿಕ್ಕಿದ್ದ. 'ನಿನ್ನ ಗಡ್ಡದ ಸರದಾರ ಹೇಗಿದ್ದಾನೆ ಚಿನ್ನ' ಅಂತ ಇಡೀ ಟ್ರಾಂ ಕೇಳೋ ಹಾಗೆ ಕೂಗ್ದ. ಮಂಗಳವಾರ ಕ್ಲಬ್ಬಲ್ಲಿ ನಿಂಗೂ ಹೇಳಿದ್ನಂತೆ. ಮಂಗಳವಾರ ಸಂಜೆಯಿಂದ ತಾನೇ ನೀನು ಕೇಳೋಕೆ ಶುರು ಮಾಡಿದ್ದು?"

ವಿಲ್ಫ್ ಬೆಣ್ಣೆ ತಟ್ಟೆಯನ್ನು ಆಚೆ ಸರಿಸಿದ.

"ಎಲ್ಲಿಗೆ ಹೋಗಿದ್ದೆ, ಯಾರು ಸಿಕ್ಕಿದ್ರು. ಅದಕ್ಕೇನಾ ಕೇಳಿದ್ದು?"

ಇಲ್ಲ ಎಂದರೆ ಮುಗಿಯಿತು. ನಿನ್ನ ಮೇಲಿನ ಪ್ರೀತಿಯಿಂದ ಕೇಳಿದೆ ಎಂದರೆ ಅವಳು ನಂಬಲೂಬಹುದು. ನಂಬಲು ಅವಳು ಸಿದ್ಧಳಿದ್ದಾಳೆಂದು ಅವನು ತನ್ನ ಕಿವಿಯಿಂದಲೇ ಕೇಳಿದ್ದ. ಆದರೆ ಆ ಗೊಗ್ಗರು ದನಿ ಇನ್ನೊಂದು ಸುಳ್ಳು ಆಡುವುದನ್ನು ಕೇಳುವ ಶಕ್ತಿ ಅವನಲ್ಲಿ ಉಳಿದಿರಲಿಲ್ಲ.

"ಹೌದು," ಅಂದ. "ನೀನು ಬಿಟ್ಟುಹೋಗ್ತೀಯ ಅಂತ ಹೆದರಿಕೆ ಆಯ್ತು. ಹಿಡೀಬೇಕು ಅಂತ ಕೇಳ್ದೆ. ಇವತ್ತು ಟೇಪೂ ಕೇಳ್ದೆ. ಎಲ್ಲಾ."

"ಮ್ಯೂರಿಯಲ್ ಹತ್ರ ಮಾತಾಡಿದ್ದೂ?"

"ಅದೂ."

ಈನಿಡ್ ಕೈಗವಸನ್ನು ಬೆರಳು ಬೆರಳಾಗಿ ಬಿಡಿಸಿಕೊಂಡಳು. ಅವಳ ಕಣ್ಣು ತುಂಬಿತ್ತು, ಸಿಟ್ಟೋ ಅವಮಾನವೋ ಅವನಿಗೆ ತಿಳಿಯಲಿಲ್ಲ. "ಹಾಗಾದ್ರೆ ಕೇಳಿದ್ದೆಲ್ಲಾ ಅದಕ್ಕೇ. ಒಂದೊಂದೂ."

"ಒಂದು ಬಿಟ್ಟು."

"ಯಾವುದು?"

"ಹಾಲಿನವನು ಹೋದ್ಮೇಲೆ. ಆಮೇಲೆ ಪರ್ಸಿ ಏನಾಯ್ತು ಅಂದೆ ನೋಡು, ಅದು. ಅದರಲ್ಲಿ ಏನೂ ಇರ್ಲಿಲ್ಲ ಈನಿಡ್. ನಂಗೆ ನಿಜವಾಗ್ಲೂ ಗೊತ್ತಾಗ್ಬೇಕಿತ್ತು."

"ಒಂದು," ಅಂದಳು ಈನಿಡ್. "ಇಷ್ಟು ವರ್ಷಕ್ಕೆ ಒಂದು."

ಅವಳು ಕೈಚೀಲವನ್ನು ಅವನ ಕಡೆಗೆ ಸ್ವಲ್ಪ ಸರಿಸಿದಳು. "ನೀನು ಬೇಡ ಅಂದ್ರೆ ಅವ್ರು ಎಲ್ಲಾ ಅಳಿಸ್ತಾರೆ. ಯಾರೂ ಕೇಳಲ್ಲ."

"ಅಳಿಸೋದು ಬೇಡ. ಇರ್ಲಿ. ಸೋಮವಾರದ್ದೂ ಇರ್ಲಿ." ಆಮೇಲೆ ಕೇಳಿದ: "ಮ್ಯೂರಿಯಲ್‌ಗೆ ಏನು ಹೇಳ್ತೀಯ?"

"ಅವಳು ಭಾನುವಾರ ಫೋನು ಮಾಡ್ತಾಳೆ. ಆಗ ಹೇಳ್ತೀನಿ. ಈಗ ಕೇಳ್ಬೇಡ."

ವಿಲ್ಫ್ ಎದ್ದ. ಮೇಜು ಸುತ್ತಿ ಬಂದು ಅವಳ ಹಿಂದೆ ನಿಂತು ಕೋಟಿನ ಕಾಲರು ಹಿಡಿದ. ಅಭ್ಯಾಸವಿಲ್ಲದ ಕೆಲಸ, ಒಂದು ತೋಳು ಸಿಕ್ಕಿಹಾಕಿಕೊಂಡಿತು, ಅವಳ ಹೊಸ ಕೂದಲಿಗೆ ಅವನ ಮೊಣಕೈ ತಾಗಿತು. "ನಿಧಾನ ಮಾರಾಯ, ಇದು ಟ್ರಾಂ ಅಲ್ಲ," ಅಂದಳು. ಅವನು ಕೋಟನ್ನು ಗೂಟಕ್ಕೆ ಹಾಕಿ, ವಾಪಸ್ ಬಂದು, ಅವಳ ಎದುರಿನ ಕುರ್ಚಿಯಲ್ಲಿ ಕೂತ.

"ಪರ್ಸಿ ಸಿಕ್ತಾ?" ಅಂದ.

ಈನಿಡ್ ಅವನನ್ನು ದಿಟ್ಟಿಸಿದಳು. ಆಮೇಲೆ ಟಿವಿಯ ಕಡೆ ನೋಡಿದಳು. ಅದು ಆರಿತ್ತು. ಅವನ ಮುಖದಲ್ಲಿ ತಪಾಸಣೆಯವನು ಉಳಿದಿದ್ದಾನೋ ಎಂದು ಇನ್ನೊಂದು ಸಲ ಹುಡುಕಿ ನೋಡಿದಳು.

"ಎಲ್ಲಿ ಸಿಕ್ತು ಅಂತ ಹೇಳಿದ್ರೆ ನಂಬಲ್ಲ ನೀನು," ಅಂದಳು ಕೊನೆಗೆ. "ಸ್ಟ್ಯಾನ್‌ನ ಟ್ರಾಂನಲ್ಲೇ. ಕಿಟಕಿಯಿಂದ ಒಳಗೆ ಹಾರಿಬಂದು, ಮೇಲಿನ ಕಂಬಿ ಮೇಲೆ ಕೂತ್ಕೊಂಡು ಬಿಸ್ಪಮ್ ಸ್ಟಾಪಿನವರೆಗೂ ಟಿಕೆಟ್ಟಿಲ್ಲದೆ ಬಂತಂತೆ. ಹತ್ತಿದೋರ್ಗೆಲ್ಲ 'ಕಾಲೊರೆಸ್ಕೊಂಡು ಬಾ' ಅನ್ನೋದಂತೆ. ಒಬ್ಬಳು ಮುದುಕಿ ಪಾಪ ಹೆದರಿ ಇಳಿದುಹೋಗಿ ಕಾಲು ಒರೆಸ್ಕೊಂಡು ಬಂದ್ಲಂತೆ..."

"ಆಮೇಲೆ?"

ಕೈಚೀಲದೊಳಗೆ ಟೇಪು ಮುಗಿದು 'ಟಕ್' ಎಂದಿತು. ವಿಲ್ಫ್‌ಗೆ ಅದು ಕೇಳಿಸಲಿಲ್ಲ. ಈನಿಡ್ ಇನ್ನೂ ಹೇಳುತ್ತಿದ್ದಳು.